ಹೊಸ ಮಾದರಿ, ಹಳೇ ಸದ್ದು: ಬಳಕೆದಾರರ ಕೈಪಿಡಿ

ಮಾನ್ಯ ಗ್ರಾಹಕರೇ,

ಎಸಿ/ಡಿಸಿ ಎಂಬ ರಾಕ್ ತಂಡದ 2020ರ ಮಾದರಿ 'ಪವರ್ ಅಪ್' ಆಲ್ಬಮನ್ನು ಕೊಂಡದ್ದಕ್ಕೆ ಅಭಿನಂದನೆ. ಕೊಂಡಿಲ್ಲ, ಮೊಬೈಲಿನಲ್ಲಿ ಬಿಟ್ಟಿಯಾಗಿ ಕೇಳುತ್ತಿದ್ದೇನೆ ಎನ್ನುವವರಿಗೂ ಅಭಿನಂದನೆ. ಆದರೆ ದೂರು ಕೊಡುವ ಸಾಲಿನಲ್ಲಿ ನೀವು ಕೊನೆಗೆ ನಿಲ್ಲಬೇಕು.

ಹಾಡು ಕೇಳುವುದಕ್ಕೂ ಕೈಪಿಡಿಯೇ ಎಂದು ಹುಬ್ಬೇರಿಸಬೇಡಿ. ಈ ತಂಡದ ಹೆಸರೇ ಒಂದು ಯಂತ್ರದ ಮೈಮೇಲಿಂದ ಬಂದದ್ದು. 1973ರಲ್ಲಿ ಸಿಡ್ನಿಯಲ್ಲಿ ಮಾಲ್ಕಮ್ ಯಂಗ್, ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು ತಂಡ ಕಟ್ಟಿ ಹೆಸರಿಗಾಗಿ ತಡಕಾಡುತ್ತಿದ್ದಾಗ ಅಕ್ಕ ಮಾರ್ಗರೆಟ್ ಹೊಲಿಗೆ ಮಷೀನಿನ ಮೇಲಿದ್ದ 'ಎಸಿ/ಡಿಸಿ' ಎಂಬ ಅಕ್ಷರಗಳನ್ನು ಸೂಚಿಸಿದಳಂತೆ. ಎರಡು ಬಗೆಯ ಕರೆಂಟಿಗೂ ಓಡುತ್ತದೆ ಎಂದು ಅರ್ಥ. ಆಂಗಸ್‌ಗೆ ಶಾಲೆಯ ಯೂನಿಫಾರಂ ತೊಡಿಸಿ ವೇದಿಕೆ ಹತ್ತಿಸುವ ಉಪಾಯವೂ ಅದೇ ಅಕ್ಕನದು. 1955ರಲ್ಲಿ ಹುಟ್ಟಿದ ಆ ಹುಡುಗನಿಗೆ ವೇದಿಕೆಯ ಮೇಲೆ ಚಡ್ಡಿಯಿಂದ ಪ್ಯಾಂಟಿಗೆ ಇನ್ನೂ ಬಡ್ತಿ ಸಿಕ್ಕಿಲ್ಲ.

ಇನ್ನೂ ಒಂದು ಕಾರಣವಿದೆ. 'ಪವರ್ ಅಪ್' ಆಲ್ಬಮ್ಮಿನ ದುಬಾರಿ ಆವೃತ್ತಿ ಒಂದು ಪೆಟ್ಟಿಗೆಯಲ್ಲಿ ಬಂತು. ಗುಂಡಿ ಒತ್ತಿದರೆ ತಂಡದ ಹೆಸರು ಕೆಂಪಗೆ ಮಿನುಗುತ್ತದೆ, ಒಳಗಿನ ಪುಟ್ಟ ಸ್ಪೀಕರಿನಿಂದ ಒಂದು ಹಾಡಿನ ಮೊದಲ ತುಣುಕು ಕೇಳಿಸುತ್ತದೆ. ಜೊತೆಗೆ ಚಾರ್ಜ್ ಮಾಡಲು ವೈರು. ವೈರು ಕೊಟ್ಟ ಮೇಲೆ ಕೈಪಿಡಿಯನ್ನೂ ಕೊಡುವುದು ನ್ಯಾಯ.

1. ಪೆಟ್ಟಿಗೆಯಲ್ಲಿ ಏನೇನಿದೆ

ಹಾಡುಗಳು: 12. ಒಟ್ಟು ಸುಮಾರು 41 ನಿಮಿಷ. ಕುಕ್ಕರಿನಲ್ಲಿ ಬೇಳೆ ಬೇಯಿಸಿ, ಸಾರು ಕುದಿಸಿ, ಒಗ್ಗರಣೆ ಕೊಡುವಷ್ಟು ಹೊತ್ತು.

ಗಂಟಲು: ಒಂದು. ಬ್ರಯಾನ್ ಜಾನ್ಸನ್ ಅವರದು. 1980ರಿಂದ ಬಳಕೆಯಲ್ಲಿದೆ. ಹಿಟ್ಟಿನ ಗಿರಣಿಗೆ ಕಲ್ಲು ಸಿಕ್ಕಿದಂತೆ ಕೇಳಿಸಿದರೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಡ್ರಮ್: ಫಿಲ್ ರಡ್. ನಡುವೆ ಕೋರ್ಟು ಕಚೇರಿ ಅಲೆದು ಬಂದವರು.

ಬೇಸ್ ಗಿಟಾರ್: ಕ್ಲಿಫ್ ವಿಲಿಯಮ್ಸ್. 2016ರಲ್ಲಿ ನಿವೃತ್ತಿ ಘೋಷಿಸಿದವರು. ಘೋಷಣೆ ಮಾಡಿದ್ದು ಮರೆತುಹೋಯಿತೋ ಏನೋ, ಈ ಆಲ್ಬಮ್ಮಿಗೆ ಮತ್ತೆ ಬಂದರು.

ಬಲ ಸ್ಪೀಕರಿನ ಗಿಟಾರ್: ಆಂಗಸ್ ಯಂಗ್.

ಎಡ ಸ್ಪೀಕರಿನ ಗಿಟಾರ್: ಸ್ಟೀವಿ ಯಂಗ್. ಯಂಗ್ ಸಹೋದರರಲ್ಲಿ ಎಲ್ಲರಿಗಿಂತ ಹಿರಿಯವನ ಮಗ. ವಿವರ 6ನೇ ಭಾಗದಲ್ಲಿ.

ಹೆಸರಿನ ನಡುವಿನ ಮಿಂಚಿನ ಗೆರೆ: ಒಂದು. ಜೋಪಾನ. 2004ರಲ್ಲಿ ಮೆಲ್ಬರ್ನ್ ನಗರ ತನ್ನೊಂದು ಓಣಿಗೆ ಈ ತಂಡದ ಹೆಸರಿಟ್ಟಿತು. ಬೀದಿ ಹೆಸರಿನಲ್ಲಿ ಗೆರೆ ಬರಕೂಡದು ಎಂಬ ನಿಯಮ ಅಡ್ಡ ಬಂದು ಫಲಕದಲ್ಲಿ ನಾಲ್ಕು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಕೂರಬೇಕಾಯಿತು.

ಪೆಟ್ಟಿಗೆಯಲ್ಲಿ ಇಲ್ಲದವು: ಪಿಟೀಲು ವೃಂದ, ಅತಿಥಿ ಗಾಯಕಿ, ಕಂಪ್ಯೂಟರಿನ ತಾಳ, ಪ್ರಯೋಗ. ಇವು ಸಾಗಣೆಯಲ್ಲಿ ಕಳೆದುಹೋಗಿಲ್ಲ, ಹುಡುಕಬೇಡಿ.

2. ಜೋಡಿಸುವ ಮುನ್ನ

ಮೊದಲು ನಿರೀಕ್ಷೆಯ ಮಟ್ಟ ನೋಡಿಕೊಳ್ಳಿ. ಎಂಜಿನ್ ಆಯಿಲ್ ನೋಡುವ ಹಾಗೆ, ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ.

ಆಲ್ಬಂ ಬಂದದ್ದು 2020ರ ನವೆಂಬರ್ 13ರಂದು. 'ಶಾಟ್ ಇನ್ ದ ಡಾರ್ಕ್' ಎಂಬ ಹಾಡನ್ನು ಅದಕ್ಕೂ ಐದು ವಾರ ಮೊದಲೇ, ಅಕ್ಟೋಬರ್ 7ರಂದು ಬಿಟ್ಟಿದ್ದರು. ಮೂರು ನಿಮಿಷದ ಆ ಹಾಡು ಕೇಳಿ ಇಡೀ ಆಲ್ಬಮ್ಮಿನ ಬಗ್ಗೆ ತೀರ್ಪು ಕೊಟ್ಟವರು ಲೋಕದ ತುಂಬ ಇದ್ದರು. ಬೇರೆ ತಂಡಗಳ ವಿಷಯದಲ್ಲಿ ಇದು ಆತುರ. ಇಲ್ಲಿ ಅಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎಂಬ ಮಾತು ಈ ತಂಡಕ್ಕಾಗಿಯೇ ಹುಟ್ಟಿದಂತಿದೆ. ನೀವು ಒಂದೇ ತರಹದ ಹನ್ನೊಂದು ಆಲ್ಬಂ ಮಾಡಿದ್ದೀರಿ ಎಂದು ಹಂಗಿಸಿದವರಿಗೆ, ಲೆಕ್ಕ ತಪ್ಪು, ಹನ್ನೆರಡು ಎಂದು ಆಂಗಸ್ ತಿದ್ದಿದರೆಂಬ ಕತೆ ಅಭಿಮಾನಿಗಳ ಬಾಯಲ್ಲಿ ಇಂದಿಗೂ ಓಡಾಡುತ್ತದೆ.

3. ಜೋಡಿಸುವ ಕ್ರಮ

ಹಂತ 1: ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳು, ಧಾರಾವಾಹಿ ನೋಡುವ ಅತ್ತೆ, ಗೋಡೆಯಾಚೆ ರಾತ್ರಿ ಪಾಳಿ ಮುಗಿಸಿ ಮಲಗಿದವರು ಇದ್ದಾರೆಯೇ ವಿಚಾರಿಸಿ. ಇದ್ದರೆ ಇಯರ್‌ಫೋನ್. ಇಲ್ಲದಿದ್ದರೆ ಸ್ಪೀಕರ್.

ಹಂತ 2: 'ಎಲ್' ಎಂದು ಬರೆದದ್ದು ಎಡಗಿವಿಗೆ, 'ಆರ್' ಎಂದು ಬರೆದದ್ದು ಬಲಗಿವಿಗೆ. ಅದಲುಬದಲು ಮಾಡಬೇಡಿ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

ಹಂತ 3: ಮೊದಲ ಹಾಡು 'ರಿಯಲೈಜ್' ಒತ್ತಿ. ಹತ್ತು ಸೆಕೆಂಡಿಗೆ 'ಇದನ್ನೆಲ್ಲೋ ಕೇಳಿದ್ದೇನಲ್ಲ' ಅನ್ನಿಸಬೇಕು. ಅನ್ನಿಸಿದರೆ ಉಪಕರಣ ಚಾಲೂ ಆಗಿದೆ. ಅನ್ನಿಸದಿದ್ದರೆ ಬೇರೆ ಯಾರದೋ ಆಲ್ಬಂ ಹಾಕಿದ್ದೀರಿ, ಇನ್ನೊಮ್ಮೆ ನೋಡಿ.

ಹಂತ 4: ಕಾಲಿನ ಹೆಬ್ಬೆರಳಿನ ಮೇಲೆ ಕಣ್ಣಿಡಿ. ನಾಲ್ಕು ಎಣಿಕೆಯ ತಾಳ. ಎರಡಕ್ಕೂ ನಾಲ್ಕಕ್ಕೂ ಫಿಲ್ ರಡ್ ಸ್ನೇರ್ ಡ್ರಮ್ಮಿಗೆ ಒಂದೊಂದು ಏಟು ಕೊಡುತ್ತಾರೆ. ತನಿಯಾವರ್ತನ ಬರುತ್ತದೆಂದು ಕಾಯಬೇಡಿ. ಕೊಡಬಹುದಾಗಿದ್ದ ನೂರು ಏಟುಗಳನ್ನು ಕೊಡದೆ ಇರುವುದೇ ಅವರ ಕಸುಬು.

ಹಂತ 5: ನಾಲ್ಕನೇ ಹಾಡು 'ಥ್ರೂ ದ ಮಿಸ್ಟ್ಸ್ ಆಫ್ ಟೈಮ್' ಬಂದಾಗ ಗಿಟಾರು ತುಸು ಮೆತ್ತಗಾಗಿ ರಾಗಕ್ಕೆ ಎಳೆಯುತ್ತದೆ. ಈ ತಂಡದ ಮಟ್ಟಿಗೆ ಇದು ಕ್ರಾಂತಿ. ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಐದನೇ ಹಾಡಿಗೆ ಎಲ್ಲ ಸರಿಹೋಗುತ್ತದೆ.

ಹಂತ 6: ಮುಗಿದ ಮೇಲೆ ಯಾರಾದರೂ "ಹೇಗಿದೆ?" ಎಂದು ಕೇಳಿದರೆ "ಎಸಿ/ಡಿಸಿ ಇದ್ದ ಹಾಗಿದೆ" ಎನ್ನಿ. ಹೊಗಳುವವರೂ ಬೈಯುವವರೂ ದಶಕಗಳಿಂದ ಇದೇ ಒಂದು ವಾಕ್ಯದಲ್ಲಿ ಸಂಸಾರ ತೂಗಿಸಿದ್ದಾರೆ.

4. ನೀವು ಯಾವ ಬಗೆಯ ಬಳಕೆದಾರರು?

ಮೊದಲ ಬಗೆ, ಮೂಲಮಠದವರು. ತಂಡದ ಹಳೆಯ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ ತೀರಿಕೊಂಡರು. ಎಸಿ/ಡಿಸಿ ಅವತ್ತಿಗೇ ಮುಗಿಯಿತು ಎಂಬುದು ಇವರ ಸಿದ್ಧಾಂತ. ಮುಗಿದುಹೋದ ತಂಡದ ಪ್ರತಿ ಹೊಸ ಆಲ್ಬಮ್ಮನ್ನೂ ಮೊದಲ ದಿನವೇ ಕೊಳ್ಳುವವರೂ ಇವರೇ.

ಎರಡನೇ ಬಗೆ, ಕಪ್ಪು ಹೊದಿಕೆಯವರು. ಬಾನ್ ಸ್ಕಾಟ್ ಸತ್ತ ಐದೇ ತಿಂಗಳಿಗೆ, ಜುಲೈ 25ರಂದು, ಬ್ರಯಾನ್ ಜಾನ್ಸನ್ ಹಾಡಿದ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಸೂತಕದ ಗುರುತಾಗಿ ಹೊದಿಕೆ ಪೂರ್ತಿ ಕಪ್ಪು. ಬಹಾಮಾಸ್ ದ್ವೀಪದ ಸ್ಟುಡಿಯೋದಲ್ಲಿ ಮುದ್ರಿಸಿದ ಆಲ್ಬಂ ಸಾವಿನ ಗಂಟೆಯಿಂದ ಶುರುವಾಗಬೇಕಿತ್ತು. ಇಂಗ್ಲೆಂಡಿನ ಲಫ್‌ಬರಾದ ಗಂಟೆಗೋಪುರಕ್ಕೆ ಹೋಗಿ ಮೈಕು ಇಟ್ಟರೆ ಪ್ರತಿ ಬಡಿತಕ್ಕೂ ಪಾರಿವಾಳಗಳು ರೆಕ್ಕೆ ಬಡಿದು ಹಾರಿ ಮುದ್ರಣ ಕೆಟ್ಟಿತು. ಕೊನೆಗೆ ತಂಡಕ್ಕೆಂದೇ ಅದೇ ಊರಿನ ಎರಕದವರು ಮಾಡುತ್ತಿದ್ದ ಸುಮಾರು ಒಂದು ಟನ್ನಿನ ಗಂಟೆಯನ್ನೇ ಬಾರಿಸಿ ಮುಗಿಸಿದರು. ಲೋಕದಲ್ಲಿ ಸುಮಾರು 5 ಕೋಟಿ ಪ್ರತಿ ಮಾರಾಟವಾಗಿದೆ ಎಂಬುದು ಆ ಆಲ್ಬಮ್ಮಿನ ಬಗ್ಗೆ ಇರುವ ಅಂದಾಜು. ಈ ಬಗೆಯವರು ಅಲ್ಲಿಂದಾಚೆಗಿನ ಎಲ್ಲವನ್ನೂ ಅದರ ಪಕ್ಕ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಪಾಪ, ಅಳೆಸಿಕೊಳ್ಳುವ ಆಲ್ಬಮ್ಮುಗಳು ತುದಿಗಾಲಲ್ಲಿ ನಿಂತೇ ಬೆಳೆದಿವೆ.

ಮೂರನೇ ಬಗೆ, ಅಂಗಿಯವರು. ಎದೆಯ ಮೇಲೆ ಮಿಂಚಿನ ಗೆರೆ ಇದೆ, ಕಿವಿಯೊಳಗೆ ಇನ್ನೂ ಇಳಿದಿಲ್ಲ. ಇವರನ್ನು ಹಂಗಿಸಬೇಡಿ. ಎಲ್ಲರೂ ಒಂದಲ್ಲ ಒಂದು ದಿನ ಅಂಗಿಯಿಂದಲೇ ಶುರು ಮಾಡಿದವರು.

5. ದೋಷ ಮತ್ತು ಪರಿಹಾರ

ದೋಷ: ಎಲ್ಲ ಹಾಡೂ ಒಂದೇ ತರಹ ಕೇಳಿಸುತ್ತಿದೆ.
ಪರಿಹಾರ: ನಿಮ್ಮ ಮನೆಯ ತಿಳಿಸಾರು ನೆನೆಸಿಕೊಳ್ಳಿ. ದಿನಾ ಅದೇ ಸಾರು ಎಂದು ಗೊಣಗಿದವರೇ, ಊರು ಬಿಟ್ಟ ಮೂರನೇ ದಿನಕ್ಕೆ ಹೋಟೆಲಿನ ಸಾರಿಗೆ ಮೂಗು ಮುರಿಯುವುದು.

ದೋಷ: ಮೊದಲಿನ ಹಾಗಿಲ್ಲ.
ಪರಿಹಾರ: ಹಳೆಯ ಆಲ್ಬಂ ಒಮ್ಮೆ ಹಾಕಿ ನೋಡಿ. ಅದೂ ಮೊದಲಿನ ಹಾಗಿಲ್ಲ ಅನ್ನಿಸಿದರೆ ಮುಂದಿನ ದೋಷಕ್ಕೆ ಹೋಗಿ.

ದೋಷ: ಎಲ್ಲ ಅದೇ ತರಹ ಇದೆ, ಆದರೂ ಮೊದಲಿನ ಹಾಗಿಲ್ಲ.
ಪರಿಹಾರ: ಅತಿ ಹೆಚ್ಚು ಬರುವ ದೂರು ಇದು. ಒಂದೇ ಬಾಯಲ್ಲಿ, ಒಂದೇ ಉಸಿರಿನಲ್ಲಿ ಬರುತ್ತದೆ. ನಮ್ಮ ತಂತ್ರಜ್ಞರು ಬಿಚ್ಚಿ ನೋಡಿದಾಗಲೆಲ್ಲ ಉಪಕರಣದಲ್ಲಿ ಏನೂ ಬದಲಾಗಿರುವುದಿಲ್ಲ. ಬದಲಾದದ್ದು ಗ್ರಾಹಕರ ಮಾದರಿ: ಕೊಂಡಾಗ 16, ಈಗ 50. ಬಿಡಿಭಾಗ ಸಿಗುವುದಿಲ್ಲ.

ದೋಷ: ಕಿವಿ ಗುಂಯ್ ಎನ್ನುತ್ತಿದೆ.
ಪರಿಹಾರ: ಕೂಡಲೇ ವಾಲ್ಯೂಮ್ ಇಳಿಸಿ. ಇದು ತಮಾಷೆಯ ಮಾತಲ್ಲ. 2016ರಲ್ಲಿ ವೈದ್ಯರು ಬ್ರಯಾನ್ ಜಾನ್ಸನ್‌ಗೆ ಪ್ರವಾಸ ನಿಲ್ಲಿಸದಿದ್ದರೆ ಪೂರ್ತಿ ಕಿವುಡಾಗುತ್ತೀರಿ ಎಂದು ಎಚ್ಚರಿಸಿದ್ದರು. ಉಳಿದ ಕಾರ್ಯಕ್ರಮಗಳಲ್ಲಿ ಗನ್ಸ್ ಎನ್ ರೋಸಸ್ ತಂಡದ ಆಕ್ಸೆಲ್ ರೋಸ್ ಹಾಡಬೇಕಾಯಿತು. ಹೊಸ ಬಗೆಯ ಕಿವಿ ಸಾಧನದ ನೆರವಿನಿಂದ ಬ್ರಯಾನ್ ಮರಳಿದರು. ನಿಮ್ಮ ಕಿವಿಗೆ ಬದಲಿ ಗಾಯಕರು ಇಲ್ಲ.

6. ಎಡ ಸ್ಪೀಕರ್: ವಿಶೇಷ ಸೂಚನೆ

ಕೈಪಿಡಿ ಬರೆದವನ ತಪ್ಪೊಪ್ಪಿಗೆ ಇಲ್ಲಿದೆ.

ಮೈಸೂರಿನ ನಮ್ಮ ಮನೆಯಲ್ಲಿ ಎರಡು ಡಬ್ಬಿ ಸ್ಪೀಕರಿನ ಟೇಪ್ ಡೆಕ್ ಇತ್ತು. ಎಡಗಡೆಯದು ನಾನು ಹೈಸ್ಕೂಲು ಸೇರುವ ಮೊದಲೇ ಸತ್ತಿತ್ತು. ಅಮ್ಮ ಎರಡರ ಮೇಲೂ ಕ್ರೋಶದ ಬಟ್ಟೆ ಹೊದಿಸಿದ್ದಳು, ಬದುಕಿದ್ದಕ್ಕೂ ಸತ್ತದ್ದಕ್ಕೂ ಭೇದವಿಲ್ಲದೆ. ಅಣ್ಣ ಕಾಲೇಜಿನಿಂದ ಯಾರದೋ 'ಬ್ಯಾಕ್ ಇನ್ ಬ್ಲ್ಯಾಕ್' ಕ್ಯಾಸೆಟ್ ತಂದ. ತಿಂಗಳುಗಟ್ಟಲೆ ಅದನ್ನೇ ಕೇಳಿದೆವು, ಬಲಗಡೆಯ ಡಬ್ಬಿಗೆ ತಲೆ ಆನಿಸಿ.

"ಇಬ್ಬರು ಗಿಟಾರಿನವರು ಅಂತ ಬರೆದಿದೆಯಲ್ಲಣ್ಣ, ಇನ್ನೊಬ್ಬ ಏನು ಮಾಡ್ತಾನೆ?" ಎಂದು ಒಂದು ದಿನ ಕೇಳಿದೆ.

ಅಣ್ಣ ಫೋಟೋ ನೋಡಿದ. ಚಡ್ಡಿ ಹಾಕಿ ಕುಣಿಯುವವನ ಹಿಂದೆ, ಸ್ಪೀಕರುಗಳ ಗೋಡೆಗೆ ಒರಗಿದಂತೆ, ಕುಳ್ಳನೆಯ ಒಬ್ಬ ನಿಂತಿದ್ದ. "ಸುಮ್ನೆ ನಿಂತಿರ್ತಾನೆ ಕಣೋ. ಓನರ್ ಇರ್ಬೇಕು."

ಆ ಕುಳ್ಳನೇ ಮಾಲ್ಕಮ್ ಯಂಗ್. ಈ ತಂಡದ ಆಲ್ಬಮ್ಮುಗಳಲ್ಲಿ ಸಾಮಾನ್ಯವಾಗಿ ಅವರ ಗಿಟಾರು ಎಡಗಡೆ, ಆಂಗಸ್ ಅವರದು ಬಲಗಡೆ. ಸದ್ದು ಹಿಡಿಯುವ ಪಿಕಪ್ಪುಗಳಲ್ಲಿ ಒಂದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಕಿತ್ತೆಸೆದ ಹಳೇ ಗ್ರೆಟ್ಶ್ ಗಿಟಾರು, ದಪ್ಪ ತಂತಿ. ಪಲ್ಲವಿ ಬಂದಾಗ ಮೈಕಿನ ತನಕ ಬಂದು ದನಿಗೂಡಿಸಿ, ಮತ್ತೆ ತಮ್ಮ ಜಾಗಕ್ಕೆ ಹಿಂದೆ ಸರಿಯುತ್ತಿದ್ದರು. ಆಂಗಸ್ ಅಷ್ಟೆಲ್ಲ ಉರುಳಾಡಿ ಕುಣಿಯಲು ಆಗುತ್ತಿದ್ದದ್ದು ಹಿಂದಿನ ಗೋಡೆ ಅಲುಗದಿದ್ದರಿಂದ. ಆ ಗೋಡೆಯ ಸದ್ದನ್ನು ನಾನು ವರ್ಷಗಟ್ಟಲೆ ಕೇಳಿರಲೇ ಇಲ್ಲ.

2008ರ 'ಬ್ಲ್ಯಾಕ್ ಐಸ್' ಆಲ್ಬಮ್ಮಿನ ಪ್ರವಾಸದ ಹೊತ್ತಿಗೆ ಮಾಲ್ಕಮ್‌ಗೆ ಮರೆವು ಹತ್ತಿತ್ತು. ತಾವೇ ಕಟ್ಟಿದ ಹಾಡುಗಳನ್ನು ಕಾರ್ಯಕ್ರಮಕ್ಕೆ ಮೊದಲು ಮತ್ತೆ ಕಲಿತು ವೇದಿಕೆ ಹತ್ತುತ್ತಿದ್ದರು. 2014ರಲ್ಲಿ ತಂಡ ಬಿಟ್ಟರು. 2017ರ ನವೆಂಬರ್ 18ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಕೆನಡಾದ ವ್ಯಾಂಕೂವರಿನಲ್ಲಿ ಉಳಿದವರು ಕಲೆತು, ಅಣ್ಣತಮ್ಮ ಇಬ್ಬರೂ ಕೂತು ಕಟ್ಟಿ ಎತ್ತಿಟ್ಟಿದ್ದ ತುಣುಕುಗಳನ್ನು ಹೊರತೆಗೆದು 'ಪವರ್ ಅಪ್' ಮುದ್ರಿಸಿದರು. 12 ಹಾಡಿಗೂ ಆಂಗಸ್, ಮಾಲ್ಕಮ್ ಇಬ್ಬರದೇ ಹೆಸರು. ಎಡಗಡೆ ಕೂತು ಚಿಕ್ಕಪ್ಪನ ಪಾಠ ಒಪ್ಪಿಸುವವರು ಸ್ಟೀವಿ. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಮೂರರಲ್ಲೂ ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು.

ಹೊಸದೇನಿದೆ ಎಂದು ಕೇಳಿದವರಿಗೆ ಉತ್ತರ ಇಷ್ಟೇ: ಏನೂ ಇಲ್ಲ. ಏನನ್ನೂ ಬದಲಾಯಿಸದೆ ಹಾಗೇ ಉಳಿಸುವುದು ಈ ಸಲದ ಕೆಲಸವಾಗಿತ್ತು.

ಈಗ ಪ್ರಯೋಗ ಮಾಡಿ. ಬಲಗಿವಿಯದನ್ನು ತೆಗೆದುಬಿಡಿ. ಎಡಗಿವಿಯದು ಮಾತ್ರ ಇರಲಿ. ಕುಣಿತ ದೂರವಾಗುತ್ತದೆ, ಗೋಡೆ ಕೇಳಿಸುತ್ತದೆ.

7. ಗ್ರಾಹಕ ಸೇವೆ

ದೂರುಗಳನ್ನು ತಂಡಕ್ಕೆ ಕಳಿಸಬೇಡಿ. ಅರ್ಧ ಶತಮಾನದಿಂದ ಅವರು ಯಾವ ದೂರಿಗೂ ಓಗೊಟ್ಟಿಲ್ಲ. ನಿಮ್ಮ ಕೈಗೆ ಮೊದಲ ಕ್ಯಾಸೆಟ್ ಕೊಟ್ಟವರು ಯಾರೋ ಅವರಿಗೆ ಫೋನ್ ಮಾಡಿ.

ನಾನು ಮಾಡಿದೆ. "ಆ ಇನ್ನೊಬ್ಬ ಸುಮ್ನೆ ನಿಂತಿರ್ಲಿಲ್ಲ ಕಣಣ್ಣಾ. ನಮ್ಮ ಸ್ಪೀಕರ್ ಕೆಟ್ಟಿತ್ತು. ತಂಡ ಕಟ್ಟಿದವನೇ ಅವನು."

ಅಣ್ಣ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಹೇಳಿದ: "ಓನರ್ ಅಂತ ಅವತ್ತೇ ಹೇಳಿದ್ನಲ್ಲೋ."