ಪಟಾಕಿ ಮೀಮಾಂಸೆ ಅಥವಾ ನಾಲ್ಕು ಮೀಟರ್ ದೂರದ ಧರ್ಮ

ಧರ್ಮಶಾಸ್ತ್ರಕ್ಕೆ ಶ್ರುತಿ, ಸ್ಮೃತಿ, ಆಚಾರ ಎಂಬ ಮೂರು ಪ್ರಮಾಣಗಳಿರುವಂತೆ ಪಟಾಕಿಶಾಸ್ತ್ರಕ್ಕೂ ಮೂರಿವೆ. 1884ರ ಸ್ಫೋಟಕಗಳ ಕಾಯ್ದೆ ಶ್ರುತಿ. ಅದರ ಮಂತ್ರದ್ರಷ್ಟಾರರು ಬ್ರಿಟಿಷರಾದ್ದರಿಂದ ಅಪೌರುಷೇಯವೆನ್ನಲು ಕೆಲವರು ಹಿಂಜರಿಯುತ್ತಾರೆ, ಅಷ್ಟೆ. 2008ರ ಸ್ಫೋಟಕಗಳ ನಿಯಮಾವಳಿ ಸ್ಮೃತಿ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಅದರ ಗುರುಪೀಠ. ಇನ್ನು ಆಚಾರವೆಂದರೆ ಹಬ್ಬದ ರಾತ್ರಿ ಬೀದಿಯಲ್ಲಿ ನಡೆಯುವುದು. ವಯಸ್ಸಿನಲ್ಲಿ ಮೂರರ ಪೈಕಿ ಇದೇ ಹಿರಿಯದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಉತ್ಸವದ ಬಾಣಬಿರುಸುಗಳ ಬಗ್ಗೆ ಬರೆದಿಟ್ಟಿದ್ದಾನೆ. ಡೆಸಿಬೆಲ್ ಎಷ್ಟಿತ್ತೆಂದು ನಮೂದಿಸದಿರುವುದು ಆತನ ಗ್ರಂಥದ ದೊಡ್ಡ ಕೊರತೆ.

ಯಾವುದೇ ಶಾಸ್ತ್ರ ಮೊದಲು ಕೇಳುವುದು ಅಧಿಕಾರಿ ಯಾರೆಂದು. ಪಟಾಕಿ ಹೊಡೆಯುವ ಅರ್ಹತೆ ಯಾರಿಗಿದೆ? ಕಾಯ್ದೆಯ 6ಎ ಕಲಮು ಈ ವಿಷಯದಲ್ಲಿ ನಿಷ್ಠುರವಾಗಿದೆ: 18 ತುಂಬದವರಿಗೆ ಸ್ಫೋಟಕ ಮಾರಕೂಡದು, ಅವರ ಬಳಿ ಅದು ಇರಲೂ ಕೂಡದು. ಸ್ಫೋಟಕದ ವ್ಯಾಖ್ಯೆಯಲ್ಲಿ ನೈಟ್ರೊಗ್ಲಿಸರಿನ್ನಿನ ಪಂಕ್ತಿಯಲ್ಲೇ ಬಾಣಬಿರುಸಿಗೂ ಎಲೆ ಹಾಕಿದ್ದಾರೆ. ಅಕ್ಷರಶಃ ಓದಿದರೆ, ಸುರುಸುರು ಬತ್ತಿ ಹಿಡಿದು ಅಂಗಳದಲ್ಲಿ ಕುಣಿಯುವ ಒಂದನೇ ಕ್ಲಾಸಿನ ಹುಡುಗಿ ಗಂಭೀರ ಪ್ರಕರಣ. ಹದಿನೆಂಟು ದಾಟಿದವರೋ, ಮೂರು ಚೀಲ ಪಟಾಕಿ ಹೊತ್ತು ತಂದು “ಮಕ್ಕಳಿಗೋಸ್ಕರ ತಂದೆ” ಎನ್ನುತ್ತಾರೆ. ಈ ಹೇಳಿಕೆಯನ್ನು ಪೊಲೀಸರ ಮುಂದೆ ಕೊಡದಿರುವುದೇ ಕ್ಷೇಮ.

ಪಟಾಕಿ ಹಿಡಿಯಲು ಅನರ್ಹರಾದವರು ಅದರ ಮೇಲೆ ದಾವೆ ಹೂಡಬಹುದೇ ಎಂಬ ಉಪಪ್ರಶ್ನೆಯನ್ನು 2015ರಲ್ಲಿ ದೆಹಲಿಯ ಮೂರು ಕೂಸುಗಳು ಬಗೆಹರಿಸಿದವು. ಆರರಿಂದ ಹದಿನಾಲ್ಕು ತಿಂಗಳ ಈ ಅರ್ಜಿದಾರರು ಅಪ್ಪಂದಿರ ಮೂಲಕ ಸುಪ್ರೀಂ ಕೋರ್ಟಿಗೆ ಹೋಗಿ, ನಮಗೆ ಉಸಿರಾಡಲು ಗಾಳಿ ಬೇಕು ಎಂದರು. ಇಂದು ದೇಶ ಹಿಡಿದು ನಡೆಯಬೇಕಾದ ಬಹುಪಾಲು ಕಟ್ಟಳೆ ಆ ದಾವೆಯ ಫಲ.

ಇನ್ನು ಧ್ವನಿ. ಕಾವ್ಯಮೀಮಾಂಸಕ ಆನಂದವರ್ಧನನ ತರುವಾಯ ಧ್ವನಿಯನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಿಸಿದ್ದು 1999ರ ಅಕ್ಟೋಬರಿನ ಕೇಂದ್ರ ಸರ್ಕಾರದ ಅಧಿಸೂಚನೆಯೇ ಇರಬೇಕು. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬೆಲ್ ಮೀರಬಾರದು. ಕ್ಷಣಮಾತ್ರದ ಶಿಖರವನ್ನು ಬೇರೊಂದು ಕ್ರಮದಲ್ಲಿ ಅಳೆದರೆ 145. ಅಳೆಯುವ ವಿಧಿಯೂ ಇದೆ. ಕೆಳಗೆ ಕನಿಷ್ಠ 5 ಮೀಟರ್ ವ್ಯಾಸದ ಗಟ್ಟಿ ಕಾಂಕ್ರೀಟು ನೆಲವಿರಬೇಕು, ಸುತ್ತ 15 ಮೀಟರಿನೊಳಗೆ ಸದ್ದನ್ನು ಹಿಂದಿರುಗಿಸುವ ಯಾವ ಗೋಡೆಯೂ ಇರಬಾರದು. ಚಿಕ್ಕಪೇಟೆಯ ಗಲ್ಲಿಯಲ್ಲಿ ಎದುರುಬದುರು ಮನೆಯವರು ಕಿಟಕಿಯಿಂದಲೇ ಒಗ್ಗರಣೆಯ ವಾಸನೆ ಹಂಚಿಕೊಳ್ಳುವಾಗ ಈ ಹದಿನೈದು ಮೀಟರನ್ನು ಎಲ್ಲಿಂದ ತರುವುದು? ಪೂರ್ವಪಕ್ಷದವರು ಇಲ್ಲೊಂದು ವಾದ ಹೂಡುತ್ತಾರೆ: ಅಳೆಯಲಾಗದ ಜಾಗದಲ್ಲಿ ಸದ್ದೇ ಆಗಿಲ್ಲ. ಪಕ್ಕದ ಮನೆಯ ನಾಯಿ ಇದನ್ನು ಒಪ್ಪುವುದಿಲ್ಲ.

ಅಧಿಸೂಚನೆಯ ಕಿರೀಟಮಣಿ ಸರಪಟಾಕಿಯ ಸೂತ್ರ. ಸರದಲ್ಲಿ ಎಷ್ಟು ಪಟಾಕಿಯಿವೆಯೋ ಆ ಸಂಖ್ಯೆಗೆ ಹತ್ತರ ಆಧಾರದಲ್ಲಿ ಲಾಗರಿದಂ ತೆಗೆದು, ಐದರಿಂದ ಗುಣಿಸಿ, ಬಂದದ್ದನ್ನು 125ರಿಂದ ಕಳೆಯಬೇಕು. ಸಾವಿರದ ಸರಕ್ಕೆ 15 ಕಳೆದು ಬಿಡಿ ಪಟಾಕಿಯ ಮಿತಿ 110; ಹತ್ತು ಸಾವಿರದ್ದಕ್ಕೆ 105. ಹೀಗೆ ದೀಪಾವಳಿಯನ್ನು ಪಿಯುಸಿ ಗಣಿತಕ್ಕೆ ಜೋಡಿಸಿದ ಶ್ರೇಯಸ್ಸು ಪರಿಸರ ಸಚಿವಾಲಯದ್ದು. ಪರೀಕ್ಷೆ ಮುಗಿದ ಮೇಲೆ ಲಾಗರಿದಂ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಒಂದು ಉತ್ತರವಾದರೂ ಸಿಕ್ಕಿತ್ತು. ಅದೂ ಉಳಿಯಲಿಲ್ಲ. 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಸರಪಟಾಕಿಯನ್ನೇ ನಿಷೇಧಿಸಿ ಲಾಗರಿದಮ್ಮನ್ನು ನಿರುದ್ಯೋಗಿಯನ್ನಾಗಿ ಮಾಡಿತು.

ಅದೇ ತೀರ್ಪು ಆನ್‌ಲೈನ್ ಮಾರಾಟವನ್ನೂ ಬೇರಿಯಂ ಲವಣವನ್ನೂ ತಡೆಯಿತು, ಹಸಿರು ಪಟಾಕಿಗೆ ಮಾತ್ರ ಎಡೆ ಕೊಟ್ಟಿತು. ಬಾಣಬಿರುಸಿಗೆ ಹಸಿರು ಜ್ವಾಲೆ ಕೊಡುತ್ತಾ ಬಂದದ್ದು ಬೇರಿಯಂ ಎಂಬ ರಾಸಾಯನಿಕ ತೊಡಕನ್ನು ವ್ಯಾಖ್ಯಾನಕಾರರು ಮುಗುಳ್ನಕ್ಕು ದಾಟಿಬಿಡುತ್ತಾರೆ.

ಕಾಲನಿರ್ಣಯ ಇನ್ನೂ ರಸವತ್ತಾದ ಪ್ರಕರಣ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಕೂಡದೆಂದು 2005ರಲ್ಲೇ ತೀರ್ಪಾಗಿತ್ತು. 2018ರ ತೀರ್ಪು ದೀಪಾವಳಿಗೆ ರಾತ್ರಿ 8ರಿಂದ 10ರ ಮುಹೂರ್ತವಿಟ್ಟಿತು. ಹೊಸ ವರ್ಷಕ್ಕೆ 11.55ರಿಂದ 12.30, ಅಂದರೆ ಮೂವತ್ತೈದು ನಿಮಿಷ. ಇಷ್ಟು ಬಿಗಿಯಾದ ಲಗ್ನವನ್ನು ಯಾವ ಜೋಯಿಸರೂ ಇಟ್ಟಿರಲಾರರು. ನಮ್ಮ ನರಕ ಚತುರ್ದಶಿ ಬೆಳಗಿನ ಜಾವದ್ದು ಎಂದು ತಮಿಳುನಾಡು ತಕರಾರು ತೆಗೆದಾಗ, ಎರಡು ಗಂಟೆ ಮೀರದಂತೆ ಹೊತ್ತು ಬದಲಿಸಿಕೊಳ್ಳಿ ಎಂದು ಕೋರ್ಟು ಒಂದೇ ವಾರದಲ್ಲಿ ತಿದ್ದಿಕೊಟ್ಟಿತು. ತಮಿಳುನಾಡು ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8 ಎಂದು ಹಂಚಿಕೊಂಡಿತು. ಕರ್ನಾಟಕದಲ್ಲಿ ರಾತ್ರಿ 8ರಿಂದ 10. ಫಲಶ್ರುತಿ: ಶಾಸ್ತ್ರಜ್ಞನಾದವನು ಸಂಜೆ 8ರವರೆಗೆ ಹೊಸೂರಿನಲ್ಲಿ ಹೊಡೆದು, ಗಡಿ ದಾಟಿ ಅತ್ತಿಬೆಲೆಗೆ ಬಂದರೆ ಇನ್ನೆರಡು ಗಂಟೆ ನಿರ್ದೋಷಿ. ಬೆಳಗಿನದೂ ಸೇರಿ ದಿನಕ್ಕೆ ನಾಲ್ಕು ಗಂಟೆ. ಖರ್ಚು, ಟೋಲ್ ಮಾತ್ರ.

ಇಷ್ಟೆಲ್ಲ ಧ್ವನಿಯಲ್ಲೂ ಕಾಲದಲ್ಲೂ ಪಂಡಿತರು ಮುಳುಗಿದ್ದಾಗ ಸ್ಮೃತಿಯ ನೀರಸ ಅಧ್ಯಾಯವೊಂದಕ್ಕೆ ಓದುಗರೇ ಸಿಗಲಿಲ್ಲ. ಅದು ಹಬ್ಬದ ತಾತ್ಕಾಲಿಕ ಅಂಗಡಿಯದು. ಬೆಂಕಿ ಹತ್ತದ ಸಾಮಗ್ರಿಯ ಶೆಡ್ಡು ಇರಬೇಕು. ಶೆಡ್ಡಿಗೂ ಶೆಡ್ಡಿಗೂ 3 ಮೀಟರ್ ಅಂತರ ಬೇಕು. ಒಂದರ ಬಾಗಿಲು ಇನ್ನೊಂದಕ್ಕೆ ಎದುರಾಗಬಾರದು. ಒಂದೆಡೆ ಐವತ್ತಕ್ಕಿಂತ ಹೆಚ್ಚು ಅಂಗಡಿ ಕೂಡದು. ಎಣ್ಣೆ ದೀಪ, ಗ್ಯಾಸ್ ದೀಪ ಹತ್ತಿರ ಸುಳಿಯಬಾರದು. 50 ಮೀಟರಿನೊಳಗೆ ಪಟಾಕಿ ಹಚ್ಚಿ ತೋರಿಸಬಾರದು. ಇದರಲ್ಲಿ ಲಾಗರಿದಂ ಇಲ್ಲ, ಮುಹೂರ್ತವಿಲ್ಲ, ವಾದಕ್ಕೆ ಎಡೆಯೂ ಇಲ್ಲ. ದರ್ಜಿಯ ಟೇಪಿದ್ದರೆ ಯಾರಾದರೂ ಅಳೆಯಬಹುದು. ಪಾಂಡಿತ್ಯಕ್ಕೆ ಕೆಲಸವಿಲ್ಲದ ಕಡೆ ಪಂಡಿತರು ನಿಲ್ಲುವುದಿಲ್ಲ.

ಅಗ್ಗದ ಪಟಾಕಿಗೆಂದು ಬೆಂಗಳೂರಿನವರು ಹುಡುಕಿಕೊಂಡು ಹೋಗುವ ಅದೇ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರ ಮಧ್ಯಾಹ್ನ ಗೋದಾಮು ಸೇರಿದ ಅಂಗಡಿಯೊಂದಕ್ಕೆ ಬೆಂಕಿ ಬಿತ್ತು. ಸತ್ತವರು 14ಕ್ಕೂ ಹೆಚ್ಚು. ಹಲವರು ಹಬ್ಬದ ಕೂಲಿಗೆಂದು ತಮಿಳುನಾಡಿನ ಹಳ್ಳಿಗಳಿಂದ ಬಂದಿದ್ದ ಹುಡುಗರು. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಮದುವೆ, ರಾಜಕೀಯ ಮೆರವಣಿಗೆ, ಗಣೇಶೋತ್ಸವಗಳಲ್ಲಿ ಪಟಾಕಿ ನಿಷೇಧಿಸುವುದಾಗಿ ಹೇಳಿತು. ಬೆಂಕಿ ಬಿದ್ದದ್ದು ಮದುವೆಯಲ್ಲಲ್ಲ, ದಾಸ್ತಾನಿನಲ್ಲಿ. ಇಲ್ಲಿ ಅಣಕಕ್ಕೆ ಉಳಿದದ್ದು ಕಡಿಮೆ.

ಬಳಕೆಯ ವಿಧಿ ಚಿಕ್ಕದು: ಹತ್ತಿಬಟ್ಟೆ, ಉದ್ದದ ಊದುಬತ್ತಿ, ಪಕ್ಕದಲ್ಲೊಂದು ಬಕೆಟ್ ನೀರು, ಟುಸ್ಸೆಂದ ಪಟಾಕಿಯನ್ನು ಬಗ್ಗಿ ನೋಡದಿರುವುದು. ದೀಪಾವಳಿ ಬಂತೆಂದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಗಾಯಾಳುಗಳಿಗೆಂದೇ ಸಜ್ಜಾಗಿ ಕೂರುತ್ತದೆ. ಅಲ್ಲಿಗೆ ಬರುವವರಲ್ಲಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡಿದವರೂ ಇರುತ್ತಾರೆ. ನೋಡುಗನ ಧರ್ಮವನ್ನು ಯಾವ ಅಧಿಸೂಚನೆಯೂ ಹೇಳಿಲ್ಲ.

ಈ ಸಲ ಪಟಾಕಿ ಕೊಳ್ಳಲು ಹೋದಾಗ ಸದ್ದಿನ ಶಾಸ್ತ್ರಾರ್ಥ ಹಾಗಿರಲಿ. ಅಂಗಡಿಗಳು ಎದುರುಬದುರಾಗಿ ಒತ್ತೊತ್ತಾಗಿ ನಿಂತಿದ್ದರೆ, ಪರವಾನಗಿಯ ಹಾಳೆ ಕಣ್ಣಿಗೆ ಬೀಳದಿದ್ದರೆ, ಚೌಕಾಸಿಗೆ ಇಳಿಯದೆ ಬೇರೆ ಕಡೆ ಹೋಗಿ.