ಆಕರ ರಾಯರು

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ರಾಯರು ಊರಿನ ಚರಿತ್ರೆ ಬರೆಯುತ್ತಿದ್ದಾರೆ. ಅರ್ಪಣೆ ಮುಗಿದಿದೆ. ಮುನ್ನುಡಿ ಯಾರ ಕೈಲಿ ಬರೆಸಬೇಕೆಂದು ಗೊತ್ತಾಗಿದೆ. ಬೆನ್ನುಡಿಗೆ ಶಾಲು ಹೊದ್ದು, ಭೂತಗನ್ನಡಿ ಹಿಡಿದು ಫೋಟೋ ತೆಗೆಸಿಯಾಗಿದೆ. ಬಾಕಿ ಇರುವುದು ಪುಸ್ತಕವೊಂದೇ.

ಪುಸ್ತಕ ಬರೆಯುವುದು ಹೇಗೆಂದು ಮಾತ್ರ, ನೀವು ಕೇಳದಿದ್ದರೂ ಹೇಳುತ್ತಾರೆ. "ನೋಡಪ್ಪಾ, ಮೊದಲು ಆಕರ. ಆಕರ ಪೂರ್ತಿ ಸಿಗೋವರೆಗೆ ಒಂದಕ್ಷರ ಬರೀಬಾರದು." ಈ ವ್ರತವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ.

ಎಲ್ಲಾ ಶುರುವಾದದ್ದು ಕೆರೆ ಏರಿಯ ವೀರಗಲ್ಲಿನಿಂದ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಅದರ ಪಾಠವಿದೆ. ಆದರೆ ಒಂದಕ್ಷರ ಮುಕ್ಕಾಗಿದೆ. ರೈಸ್ ಓದಿದ್ದು ರಾಯರಿಗೆ ಒಪ್ಪಿಗೆಯಿಲ್ಲ. ಅಕ್ಷರ ಎದ್ದು ಕಾಣುವುದು ಇಳಿಬಿಸಿಲಿನಲ್ಲೆಂದು ಸಂಜೆ ಸಂಜೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನೂ ಕಲಿತರು. ಕೈ ಪಳಗಲೆಂದು ಮನೆಯ ಒರಳುಕಲ್ಲಿನ ಪಡಿಯಚ್ಚು ತೆಗೆದ ದಿನ ಅವರಿಗೆ ಊಟ ತಡವಾಯಿತು. ರೈಸ್ 1886ರಿಂದ 1905ರೊಳಗೆ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಅಚ್ಚು ಹಾಕಿಸಿದರು. "ಅವಸರದ ಮನುಷ್ಯ" ಎಂಬುದು ರಾಯರ ತೀರ್ಪು.

ಬುಕನನ್ ಮೇಲೆ ಬೇರೆಯೇ ಸಿಟ್ಟು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯೆಲ್ಲ ತಿರುಗಿ ರಾಗಿ, ಕಬ್ಬು, ಮಗ್ಗ ಯಾವುದನ್ನೂ ಬಿಡದೆ ಬರೆದಿಟ್ಟವನು ನಮ್ಮೂರಿಗೆ ಮಾತ್ರ ಬರಲಿಲ್ಲ. 'ಬುಕನನ್ ಬಾರದಿರಲು ಕಾರಣಗಳು' ಎಂಬ ಅಧ್ಯಾಯಕ್ಕೆ ಸಾಮಗ್ರಿ ಹೇರಳವಾಗಿ ಸಿಗುತ್ತಿದೆ.

ಟಿಪ್ಪಣಿಗಳೆಲ್ಲ ಮದುವೆ ಕಾಗದಗಳ ಬೆನ್ನಿಗೆ. ಯಾವ ಪುಸ್ತಕ, ಎಷ್ಟನೇ ಪುಟ ಎಂಬುದು ಎಲ್ಲೂ ಇಲ್ಲ. ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸ ಮಾತ್ರ ಸ್ಪಷ್ಟವಾಗಿವೆ.

ಹಳೆಯ ಕಡತ ಹುಡುಕಿಕೊಂಡು ಒಂದು ಕಚೇರಿಗೆ ಹೋಗಿದ್ದರು. ಗುಮಾಸ್ತ ತಲೆಯೆತ್ತದೆ "ನಾಳೆ ಬನ್ನಿ" ಎಂದನಂತೆ. ಬೇರೆಯವರಾಗಿದ್ದರೆ ರೇಗುತ್ತಿದ್ದರು. ರಾಯರು ಕಣ್ಣರಳಿಸಿಕೊಂಡು ಬಂದರು: "ಇನ್ನೂ ಶಿಸ್ತು ಉಳಿದಿದೆ ಕಣಯ್ಯಾ!"

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆಂದು ಯಾರೋ ಹೇಳಿದ್ದೇ ತಡ, ಅರ್ಜಿ ನಮೂನೆ ತರಿಸಿದರು. ವಯಸ್ಸಿನ ಮಾತೆತ್ತಿದೆ. "ಚೊಚ್ಚಲ ಹೌದೋ ಅಲ್ಲವೋ? ಇನ್ನೊಂದು ಬರೀ ತಾಂತ್ರಿಕ ಅಡಚಣೆ."

ಅವರ ಶ್ರೀಮತಿಯವರ ಕಾಟ ತಾಳಲಾರದೆ ಕೊನೆಗೊಮ್ಮೆ ಕೆಳಗಿನ ಕೇರಿಯ ಹಣ್ಣುಹಣ್ಣು ಮುದುಕಿಯ ಬಳಿ ಹೋದರು, ಜೊತೆಗೆ ನಾನೂ. ಬೆಂಗಳೂರಿಗೆ 1898ರಲ್ಲಿ ಕಾಲಿಟ್ಟ ಪ್ಲೇಗು ನಮ್ಮೂರಿಗೂ ಬಂದದ್ದು, ಇಲಿ ಬಿತ್ತೆಂದು ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿದ್ದು, ಯಾರ ಮನೆಯಲ್ಲಿ ಒಲೆ ಹಚ್ಚಲು ಯಾರೂ ಉಳಿಯಲಿಲ್ಲ ಎಂಬುದು, ಎಲ್ಲವನ್ನೂ ಅಜ್ಜಿ ತನ್ನ ಅತ್ತೆಯ ಬಾಯಲ್ಲಿ ಕೇಳಿದಂತೆಯೇ ಹೇಳಿದಳು. ಇಡೀ ಪುಸ್ತಕ ಅಲ್ಲೇ ಜಗುಲಿಯ ಮೇಲೆ ಕೂತಿತ್ತು.

ರಾಯರು ಕನ್ನಡಕ ಸರಿಮಾಡಿಕೊಂಡರು. "ಅದೆಲ್ಲ ಸರಿಯಮ್ಮಾ, ಇದಕ್ಕೆ ದಾಖಲೆ ಏನಾದ್ರೂ ಉಂಟೋ?"

"ಇದ್ದ ಕಾಗ್ದ ಎಲ್ಲಾ ಜಮೀನು ಖಾತೆ ಮಾಡ್ಸೋವಾಗ ನಿಮ್ ಕೈಗೇ ಕೊಟ್ಟಿದ್ನಲ್ಲಾ ಸ್ವಾಮೀ. ಕೇಳಕ್ ಬಂದಾಗೆಲ್ಲ ನಾಳೆ ಬಾ ಅಂದ್ರಿ, ಆಮೇಲ್ ಕಳ್ದೋಯ್ತು ಅಂದ್ರಿ."

ಅದೊಂದು ಮಾತನ್ನು ರಾಯರು ಟಿಪ್ಪಣಿ ಮಾಡಿಕೊಳ್ಳಲಿಲ್ಲ.