ವಹ್ನಿಲೋಪ ಮೀಮಾಂಸೆ: ಬಚ್ಚಲಮನೆಯ ಗೀಜರ್ ಪದೇಪದೇ ಆರುವುದರ ಕುರಿತು

ಚಳಿದೇಶದವರು ಬಾಯ್ಲರ್ ಇಟ್ಟುಕೊಂಡು ಇಡೀ ಮನೆಯನ್ನೇ ಕಾಸುತ್ತಾರೆ. ಮಲಪ್ರಭೆಯ ಸೀಮೆಗೆ ಆ ಗ್ರಹಚಾರವಿಲ್ಲ. ರಾಮದುರ್ಗದಲ್ಲಿ ಏಪ್ರಿಲ್ ತಿಂಗಳು ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ನಮಗೆ ಕಾಯಬೇಕಾದದ್ದು ನೀರಷ್ಟೇ. ಆದ್ದರಿಂದ ಶಾಸ್ತ್ರಪದ್ಧತಿಯಂತೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಷಯ: ಗ್ಯಾಸ್ ಗೀಜರ್. ಅಧಿಕಾರಿ: ತಲೆಗೆ ಸಾಬೂನು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತವನು. ಪ್ರಯೋಜನ: ಉಳಿದರ್ಧ ಸ್ನಾನ. ಸಂಬಂಧ: ಬಾಗಿಲಾಚೆ ನಿಂತು ‘ಇನ್ನೂ ಎಷ್ಟೊತ್ರೀ?’ ಎನ್ನುವ ಹೆಂಡತಿ.

ಪ್ರಾಚೀನರಲ್ಲಿ ಬಂಬಾ ಇತ್ತು. ತಾಮ್ರದ ಹೊಟ್ಟೆ, ನಡುವೆ ಕೊಳವೆ, ಕೊಳವೆಯೊಳಗೆ ಹತ್ತಿಕಟಗಿ, ಕುಳ್ಳು. ಅದೂ ಆರುತ್ತಿತ್ತು. ಆದರೆ ಆರಿದಾಗ ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತ ಊದಲು ಮನೆಯಲ್ಲಿ ಒಬ್ಬಳು ಇದ್ದೇ ಇರುತ್ತಿದ್ದಳು. ಅವಳು ದಣಿದದ್ದನ್ನು ಯಾವ ಗ್ರಂಥಕಾರನೂ ಬರೆದಿಡಲಿಲ್ಲ. ಈಗ ಎರಡು ಸೆಲ್ಲು ದಣಿದರೆ ಇಡೀ ಓಣಿ ಸಭೆ ಸೇರುತ್ತದೆ.

ಹೊಗೆಯಿದ್ದಲ್ಲಿ ಬೆಂಕಿ ಇರುತ್ತದೆಂದು ನೈಯಾಯಿಕರು ಗುಡ್ಡ ತೋರಿಸಿ ಸಾಧಿಸಿದರು. ಬಂಬಾದ ಮಟ್ಟಿಗೆ ಇದು ನಿರ್ದುಷ್ಟ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ ಎನ್ನುವುದಕ್ಕೆ ಅವರೇ ಕೊಟ್ಟ ಉದಾಹರಣೆ ಕಾದ ಕಬ್ಬಿಣದ ಗುಂಡು. ಗೀಜರ್ ಆ ಗುಂಡಿನ ವಂಶಕ್ಕೆ ಸೇರಿದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಪೂರ್ವಪಕ್ಷಗಳು. ಬೈಲಹೊಂಗಲದಲ್ಲಿ ಸೆಲ್‌ವಾದ ಪ್ರಬಲ. ಏನೇ ಆಗಲಿ, ‘ಸೆಲ್ಲು ಹೋಗ್ಯಾವ ತಗೀರಿ’ ಎಂಬುದೇ ಈ ಪಂಥದ ಮಹಾವಾಕ್ಯ. ಒಂದೂವರೆ ವೋಲ್ಟಿನ ಎರಡು ದಪ್ಪ ಸೆಲ್ಲು ಬದಲಿಸಿ, ಟಕ್ ಟಕ್ ಎಂದು ಕಿಡಿ ಹಾರಿ, ಭುಸ್ ಎಂದು ಹತ್ತಿದರೆ ವಾದ ಗೆದ್ದಂತೆ. ಹತ್ತಿ ಮತ್ತೆ ಆರಿದರೆ? ಅಲ್ಲಿ ಪಂಥ ಮೌನ. ಕಾರಣ ಒಳಗಿದೆ. ಜ್ವಾಲೆಯ ಪಕ್ಕ ಒಂದು ಸಣ್ಣ ಕಡ್ಡಿ ಕಾವಲಿಗೆ ಕೂತಿರುತ್ತದೆ. ಬೆಂಕಿ ಇದೆ ಎಂದು ಅದಕ್ಕೆ ಗೊತ್ತಾದರೆ ಮಾತ್ರ ಗ್ಯಾಸ್ ಹರಿಯುತ್ತದೆ. ಅದಕ್ಕೆ ಮಸಿ ಹಿಡಿಯಿತೋ, ಕಡ್ಡಿ ಅದ್ವೈತಿಯಾಗುತ್ತದೆ. ಎದುರಿಗೆ ಧಗಧಗ ಉರಿಯುವುದನ್ನೂ ಮಾಯೆಯೆಂದು ಸಾರಿ ಬಂದ್ ಮಾಡಿಬಿಡುತ್ತದೆ. ಒರೆಸಿದರೆ ಮತ್ತೆ ದ್ವೈತ.

ಸವದತ್ತಿಯವರು ಟಾಕಿವಾದಿಗಳು. ನಳ ತಿರುವಿದಾಗ ನೀರಿನ ಒತ್ತಡ ಒಂದು ರಬ್ಬರ್ ಪೊರೆಯನ್ನು ದೂಡಬೇಕು, ಆ ಪೊರೆ ಗ್ಯಾಸಿನ ಬಾಗಿಲು ತೆರೆಸಬೇಕು. 10 ಮೀಟರ್ ಎತ್ತರದಲ್ಲಿ ನಿಂತ ನೀರಿಗೆ ಸುಮಾರು 1 ಬಾರ್ ಒತ್ತಡ. ನಮ್ಮ ಕರಿ ಟಾಕಿಗಳು ಕೂತಿರುವುದು ಬಚ್ಚಲದ ಮಾಳಿಗೆಯ ಮೇಲೆಯೇ, 2 ಮೀಟರಾದರೆ ಹೆಚ್ಚು. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ನೆಂಟರು ಮನೆ ತುಂಬಿದಾಗ ಅಡುಗೆಮನೆಯಲ್ಲಿ ಯಾರೋ ಅಕ್ಕಿ ತೊಳೆಯುತ್ತಾರೆ, ಇಲ್ಲಿ ಜ್ವಾಲೆ ಆರುತ್ತದೆ. ನವಿಲುತೀರ್ಥದಲ್ಲಿ ಮಲಪ್ರಭೆಯನ್ನೇ ಕಟ್ಟಿ ನಿಲ್ಲಿಸಿದ ತಾಲ್ಲೂಕಿಗೆ ಒಂದು ಬಕೆಟ್ಟಿನ ಒತ್ತಡ ಸಾಲದು! ಬೋರಿನ ಗಡಸು ನೀರು ಒಳಗಿನ ಜಾಳಿಗೆಗೆ ಸುಣ್ಣ ಕಟ್ಟಿದ್ದರಂತೂ ಮುಗಿಯಿತು. ನೆಂಟರು ಕಡೆಗೆ ಗುಡ್ಡದ ಎಣ್ಣೆಹೊಂಡದಲ್ಲಿ ತಣ್ಣೀರಿನಲ್ಲೇ ಮುಳುಗೆದ್ದು ಪುಣ್ಯವನ್ನೂ ಕಟ್ಟಿಕೊಳ್ಳುತ್ತಾರೆ.

ಈಗ ಸಿದ್ಧಾಂತ. ಅನೇಕ ಗೀಜರುಗಳು 20 ನಿಮಿಷಕ್ಕೆ ತಾವಾಗಿಯೇ ಆರುವಂತೆ ಕಾರ್ಖಾನೆಯಲ್ಲೇ ಕಟ್ಟಲ್ಪಟ್ಟಿರುತ್ತವೆ. ಅದು ರೋಗವಲ್ಲ, ಬುದ್ಧಿ. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅಂಟಿಕೊಳ್ಳುವುದರಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಗಿಲು. ಕಬ್ಬಿಣದ ಗುಂಡನ್ನು ನೆನಪಿಡಿ ಎಂದದ್ದು ಇದಕ್ಕೇ: ಹೊಗೆ ಕಂಡು ಓಡುವ ನೈಯಾಯಿಕ ಇಲ್ಲಿ ಓಡುವುದೇ ಇಲ್ಲ, ತಲೆ ತಿರುಗಿ ಬೀಳುತ್ತಾನೆ. ಕಿತ್ತೂರಿನ ಕೋಟೆಯಲ್ಲಿ, 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ಅದೇ ಕೋಟೆಯಲ್ಲಿ, ಧ್ರುವನಕ್ಷತ್ರ ನೋಡಲೆಂದು ಬಿಟ್ಟ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. ನಕ್ಷತ್ರಕ್ಕೇ ಕಿಂಡಿ ಬಿಟ್ಟ ನಾಡಿನ ನಾವು ಬಚ್ಚಲಿಗೆ ಇದ್ದೊಂದು ಕಿಂಡಿಗೂ ಚಳಿಗೆ ಹೆದರಿ ರಟ್ಟು ತುರುಕಿ, ಆಮೇಲೆ ಗೀಜರಿಗೆ ಕಾಯಿಲೆ ಎನ್ನುತ್ತೇವೆ.

ಪರಿಹಾರ ಒಂದೇ: ಗೀಜರನ್ನೂ ಸಿಲಿಂಡರನ್ನೂ ಹೊರಗೋಡೆಗೆ ಸಾಗಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರುವುದು. ಇದನ್ನು ಮಂಡಿಸಿದಾಗ ಕಟ್ಟೆಯ ಮೇಲಿನ ಆಯಿ ಆಕ್ಷೇಪ ಎತ್ತಿದಳು:

‘ಹೊರಗ ಹಾಕಿದ್ರ ತುಡುಗು ಮಾಡ್ತಾರೋ ತಮ್ಮಾ.’

‘ಮಾಡ್ಲಿ ಬಿಡಬೇ ಆಯಿ. ಅವರ ಮನ್ಯಾಗೂ ಆರ್ತೈತಿ.’